ಉಗ್ರಾಣದ ಪೊಟ್ಟಣಗಳು ಇಳಿದ ಏಳು ತಿಂಗಳು

ಕಳೆದ ವಾರ ವೈದ್ಯರು ನನ್ನ ರಕ್ತದೊತ್ತಡ ಅಳೆದು, ಕಡತದಲ್ಲಿ 132/84 ಎಂದು ಬರೆದರು. ಏಳು ತಿಂಗಳ ಹಿಂದೆ ಅದೇ ಪುಟದ ಮೇಲ್ಭಾಗದಲ್ಲಿ 148/94 ಎಂದಿತ್ತು. ಈ ಎರಡು ಸಂಖ್ಯೆಗಳ ನಡುವೆ, ಸಂಸ್ಕರಿತ ಆಹಾರದ ಪೊಟ್ಟಣಗಳನ್ನು ಇಳಿಸಲು ಹೊರಟು ನಮ್ಮ ಮನೆಯ ಉಗ್ರಾಣದಲ್ಲಿ ನಡೆದದ್ದನ್ನು, ನನ್ನ ಎಡವಟ್ಟುಗಳನ್ನೂ ಬಿಡದೆ, ಇಲ್ಲಿ ಬರೆಯುತ್ತಿದ್ದೇನೆ. ಒತ್ತಡ ಇಳಿದದ್ದಕ್ಕೆ ಉಗ್ರಾಣವೊಂದೇ ಕಾರಣವೆಂದು ಹೇಳಲಾರೆ; ಅದೇ ಅವಧಿಯಲ್ಲಿ ನಾನು ದಿನವೂ ಮುಂಜಾನೆ ನಡೆಯಲು ಆರಂಭಿಸಿದ್ದೆ, ತೂಕವೂ ತುಸು ಇಳಿದಿತ್ತು. ಆದರೆ ನಡಿಗೆಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಉಗ್ರಾಣದ ಬಗ್ಗೆ ಇದೆ.

ಮೊದಲ ಭೇಟಿಯಲ್ಲಿ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಊಟಕ್ಕೆ ಕೂತಾಗ ಮೇಲಿಂದ ಉಪ್ಪು ಹಾಕಿಕೊಳ್ಳುತ್ತೀರಾ?" ನಾನು ಸ್ವಲ್ಪ ಹೆಮ್ಮೆಯಿಂದಲೇ, ನಮ್ಮ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನೇ ಇಡುವುದಿಲ್ಲ ಎಂದೆ. ಅವರು ನಕ್ಕು, "ಹಾಗಾದರೆ ಮನೆಯಲ್ಲಿರುವ ಪ್ಯಾಕೆಟ್‌ಗಳ ಹಿಂಬದಿ ಓದಿಕೊಂಡು ಬನ್ನಿ. ಮೂರು ತಿಂಗಳು ನೋಡೋಣ, ಆಮೇಲೆ ಮಾತ್ರೆಯ ವಿಚಾರ" ಎಂದರು. ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಎಂಬುದನ್ನು ಚೀಟಿಯ ಮೂಲೆಯಲ್ಲಿ ಗೀಚಿಕೊಟ್ಟರು. ಅದು ಒಂದು ಟೀ ಚಮಚವೂ ತುಂಬದಷ್ಟು ಉಪ್ಪು.

ಮುಂದಿನ ಭಾನುವಾರ ಬೆಳಿಗ್ಗೆ ಉಗ್ರಾಣದ ಐದೂ ಅಟ್ಟಣಿಗೆಗಳನ್ನು ಖಾಲಿ ಮಾಡಿ ಎಲ್ಲವನ್ನೂ ನೆಲದ ಮೇಲೆ ಹರಡಿದೆ. ಪೊಟ್ಟಣ, ಬಾಟಲಿ, ಡಬ್ಬಿ ಸೇರಿ 61 ಇದ್ದವು. ಅವುಗಳಲ್ಲಿ ಮೂರು ಒಂದೇ ಬಗೆಯ ಸಾಸ್. ಮೂರನ್ನೂ ಒಡೆದು, ಕಾಲುಭಾಗ ಬಳಸಿ, ಮರೆತಿದ್ದೆವು. ಒಂದು ಗಂಟೆಯ ಕೆಲಸವೆಂದುಕೊಂಡು ಕೂತವನು ಏಳುವಾಗ ಮಧ್ಯಾಹ್ನ ಎರಡಾಗಿತ್ತು. ಲೇಬಲ್‌ನ ಅಕ್ಷರಗಳು ಎಷ್ಟು ಸಣ್ಣವೆಂದರೆ ಮಗನ ಆಟದ ಪೆಟ್ಟಿಗೆಯಿಂದ ಭೂತಗನ್ನಡಿ ತಂದುಕೊಳ್ಳಬೇಕಾಯಿತು. ಈ ದಾರಿ ಹಿಡಿಯುವವರು ಮೊದಲು ಒಂದು ಹಳೆಯ ನೋಟ್‌ಪುಸ್ತಕ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ: ಹೆಸರು, ಸೋಡಿಯಂ, ಸಕ್ಕರೆ, ಮೊದಲ ಮೂರು ಪದಾರ್ಥ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ಬಹುಮಟ್ಟಿಗೆ ಎಲ್ಲೆಡೆ ಇರುವ ನಿಯಮವಾದ್ದರಿಂದ ಮೊದಲ ಮೂರು ಹೆಸರುಗಳಲ್ಲೇ ಸರಕಿನ ಜಾತಕ ಇರುತ್ತದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ನೂಡಲ್ಸ್ ಪೊಟ್ಟಣ. ಕಚೇರಿಯಿಂದ ತಡವಾಗಿ ಬಂದ ರಾತ್ರಿಗಳಲ್ಲಿ ನಾನೊಬ್ಬನೇ ತಿಂದು ಮುಗಿಸುತ್ತಿದ್ದ ಪೊಟ್ಟಣವದು. ಹಿಂಬದಿಯಲ್ಲಿ 100 ಗ್ರಾಂಗೆ 1,250 ಮಿಲಿಗ್ರಾಂ ಸೋಡಿಯಂ ಎಂದಿತ್ತು. ಪರವಾಗಿಲ್ಲವೆನಿಸಿತು. ಆದರೆ ಪೊಟ್ಟಣದ ತೂಕ 140 ಗ್ರಾಂ, ಹಾಗಾಗಿ ಒಟ್ಟು 1,750 ಮಿಲಿಗ್ರಾಂ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಅದು ಸುಮಾರು 4.4 ಗ್ರಾಂ ಆಯಿತು. ಹೆಚ್ಚುಕಡಿಮೆ ಇಡೀ ದಿನದ ಉಪ್ಪು ರಾತ್ರಿ ಹತ್ತರ ಒಂದು ಬಟ್ಟಲಿನಲ್ಲಿ. ಪೊಟ್ಟಣದ ಮೂಲೆಯಲ್ಲಿ "ಇಬ್ಬರಿಗೆ" ಎಂದು ಮುದ್ರಿಸಿದ್ದು ಆಗ ಕಣ್ಣಿಗೆ ಬಿತ್ತು. ಆ ಇನ್ನೊಬ್ಬರು ಯಾರೆಂದು ನಾನು ಎಂದೂ ಯೋಚಿಸಿರಲಿಲ್ಲ.

ಸಕ್ಕರೆಯದು ಇನ್ನೊಂದು ಚಮತ್ಕಾರ. ಮಕ್ಕಳು ಬೆಳಿಗ್ಗೆ ಹಾಲಿಗೆ ಹಾಕಿಕೊಳ್ಳುತ್ತಿದ್ದ ಗರಿಗರಿ ಧಾನ್ಯದ ಡಬ್ಬಿಯಲ್ಲಿ ಸಕ್ಕರೆ ಎರಡನೆಯ ಸ್ಥಾನದಲ್ಲಿತ್ತು. ಅದರ ಕೆಳಗೆ ಗ್ಲೂಕೋಸ್ ಸಿರಪ್, ಅದರ ಕೆಳಗೆ ಜೇನು, ಇನ್ನೂ ಕೆಳಗೆ ಡೆಕ್ಸ್‌ಟ್ರೋಸ್. ನಾಲ್ಕೂ ಒಂದೇ ಮನೆಯವರು. ಬೇರೆ ಬೇರೆ ಹೆಸರಿನಲ್ಲಿ ಸಾಲಿನಲ್ಲಿ ನಿಂತಿದ್ದರು. ಒಟ್ಟುಗೂಡಿಸಿದ್ದರೆ ಬಹುಶಃ ಧಾನ್ಯಕ್ಕಿಂತ ಮುಂದೆ ನಿಲ್ಲುತ್ತಿದ್ದರು. 4 ಗ್ರಾಂ ಸಕ್ಕರೆಯೆಂದರೆ ಸರಿಸುಮಾರು ಒಂದು ಟೀ ಚಮಚ ಎಂದು ಲೆಕ್ಕ ಹಾಕಿ, ಮಗಳ ಎದುರಿಗೇ ಅವಳ ಒಂದು ಬಟ್ಟಲಿನ ಪಾಲನ್ನು ಚಮಚದಿಂದ ಅಳೆದು ತಟ್ಟೆಗೆ ಸುರಿದೆ. ಹದಿನಾಲ್ಕರ ಮಗಳು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅಪ್ಪಾ, ನೀವು ಚಹಾಕ್ಕೆ ಹಾಕಿಕೊಳ್ಳುವುದನ್ನೂ ಪಕ್ಕದಲ್ಲಿ ಸುರಿಯಿರಿ" ಎಂದಳು. ಅದೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆ ದಿನ ನಾನು ಮಾಡಿದ ಮೊದಲ ತಪ್ಪು, "ಸಂಸ್ಕರಿತ" ಎಂಬ ಪದವನ್ನು ಅಕ್ಷರಶಃ ಹಿಡಿದದ್ದು. ಹಾಗೆ ನೋಡಿದರೆ ಕಾಯಿಸಿ ತಣಿಸಿ ತುಂಬಿದ ಹಾಲು, ಬೀಸಿದ ಹಿಟ್ಟು, ಹಿಂಡಿದ ಎಣ್ಣೆ, ಹೆಪ್ಪುಗಟ್ಟಿಸಿದ ಬಟಾಣಿ ಎಲ್ಲವೂ ಸಂಸ್ಕರಿತವೇ. ಬಟಾಣಿಯ ಚೀಲವನ್ನೂ ನಾನು "ಹೊರಗೆ" ರಾಶಿಗೆ ಸೇರಿಸಿಬಿಟ್ಟಿದ್ದೆ. ಗೊಂದಲ ಬಗೆಹರಿದದ್ದು ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮಾಂಟೆರೊ ಮತ್ತು ಸಂಗಡಿಗರು 2009ರಿಂದ ರೂಪಿಸುತ್ತ ಬಂದ ನೋವಾ ಎಂಬ ವರ್ಗೀಕರಣವನ್ನು ಓದಿದ ಮೇಲೆ. ಅದರಲ್ಲಿ ನಾಲ್ಕು ಗುಂಪುಗಳಿವೆ: ಹೆಚ್ಚು ಮಾರ್ಪಡದ ಕಾಳು, ತರಕಾರಿ, ಹಾಲು, ಮೊಟ್ಟೆಯಂಥವು ಮೊದಲನೆಯದು, ಎಣ್ಣೆ, ಉಪ್ಪು, ಸಕ್ಕರೆಯಂಥ ಅಡುಗೆಯ ಸಾಮಗ್ರಿಗಳು ಎರಡನೆಯದು, ಇವೆರಡನ್ನೂ ಕೂಡಿಸಿದ ಚೀಸ್, ಉಪ್ಪುನೀರಿನ ಡಬ್ಬಿಯ ಕಾಳುಗಳಂಥವು ಮೂರನೆಯದು, ಕಾರ್ಖಾನೆಯಲ್ಲಿ ಬಿಡಿಸಿ, ಬೆರೆಸಿ, ಬಣ್ಣ ರುಚಿ ಕೊಟ್ಟು ಕಟ್ಟಿದ ಅತಿಸಂಸ್ಕರಿತ ತಿನಿಸುಗಳು ನಾಲ್ಕನೆಯದು. ಮನೆಯ ಅಡುಗೆಗೆ ಯಾರೂ ತಂದಿಟ್ಟುಕೊಳ್ಳದ ಮಾಲ್ಟೋಡೆಕ್ಸ್‌ಟ್ರಿನ್, ಕೃತಕ ಸ್ವಾದ, ಎಮಲ್ಸಿಫೈಯರ್‌ಗಳಂಥ ಹೆಸರುಗಳು ಕಂಡರೆ ಅದು ನಾಲ್ಕನೆಯ ಗುಂಪು ಎಂದು ಹೆಚ್ಚಿನ ಸಲ ಊಹಿಸಬಹುದು. ಬಟಾಣಿ ಫ್ರೀಜರ್‌ಗೆ ಮರಳಿತು.

ಈ ವರ್ಗೀಕರಣದ ಬಗ್ಗೆ ಪೋಷಣಾ ತಜ್ಞರಲ್ಲಿಯೇ ತಕರಾರುಗಳಿವೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಕಾರ್ಖಾನೆಯ ಇಡೀ ಗೋಧಿಯ ಬ್ರೆಡ್ಡೂ, ಬಣ್ಣದ ತಂಪು ಪಾನೀಯವೂ ಒಂದೇ ಗುಂಪಿನಲ್ಲಿ ಕೂರಬಹುದು. ಶಿಶುಗಳಿಗೆ ಕೊಡುವ ಫಾರ್ಮುಲಾ ಹಾಲಿನ ಪುಡಿಯೂ ಅದೇ ಗುಂಪಿಗೆ ಸೇರುತ್ತದೆ. ಪಟ್ಟಿ ಹಿಡಿದುಕೊಂಡು ಮಗುವಿನ ಹಾಲಿನ ಪುಡಿಯನ್ನು ಎತ್ತಿಡುವುದು ಮೂರ್ಖತನ. ಹಾಗೆಯೇ ಪದಾರ್ಥಗಳ ಪಟ್ಟಿಯಲ್ಲಿ ಸೇರ್ಪಡೆಗಳ ಹೆಸರಿನ ಬದಲು ಬರೆಯುವ ಸಂಕೇತ ಸಂಖ್ಯೆಗಳನ್ನು ಕಂಡೊಡನೆ ಹೆದರುವುದೂ ಬೇಡ. 300 ಎಂದರೆ ವಿಟಮಿನ್ ಸಿ, 330 ಎಂದರೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ. ಇದು ತಿಳಿಯುವ ಮೊದಲು ಮೂರು ಡಬ್ಬಿಗಳಿಗೆ ಕೆಂಪು ಅಡ್ಡಗೆರೆ ಹಾಕಿದ್ದೆ.

ಸಂಜೆಯ ಹೊತ್ತಿಗೆ ಎರಡು ರಾಶಿಗಳಾಗಿದ್ದವು. ನಾಲ್ಕನೆಯ ಗುಂಪಿನ ರಾಶಿ ದೊಡ್ಡದು. ಎಲ್ಲವನ್ನೂ ಚೀಲಕ್ಕೆ ತುಂಬಿ ಸಾಗಿಸುವ ನನ್ನ ಉತ್ಸಾಹವನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪತ್ನಿ ಕೊನೆಗೆ ಮಾತನಾಡಿದಳು: "ತೆಗೆದು ಹಾಕುವುದಕ್ಕೆ ಒಂದು ಭಾನುವಾರ ಸಾಕು. ನಾಳೆ ಸಂಜೆ ಆರಕ್ಕೆ ಒಲೆಯ ಮುಂದೆ ಯಾರು ನಿಲ್ಲುತ್ತಾರೆ, ಅದನ್ನು ಮೊದಲು ಹೇಳಿ."

ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ನೋಟ್‌ಪುಸ್ತಕದಲ್ಲಿ ಐದನೆಯ ಕಾಲಂ ಎಳೆದು, ಪ್ರತಿ ಪೊಟ್ಟಣದ ಎದುರಿಗೆ ಅದನ್ನು ನಾವು ಯಾವಾಗ ಒಡೆಯುತ್ತೇವೆಂದು ಬರೆದೆವು. ನೂಡಲ್ಸ್ ನನ್ನ ತಡರಾತ್ರಿಗೆ. ಬಿಸ್ಕತ್ತು, ಚಿಪ್ಸ್ ಮಕ್ಕಳು ಶಾಲೆಯಿಂದ ಬಂದು ನಾವು ಮನೆ ಮುಟ್ಟುವವರೆಗಿನ ಒಂದೂವರೆ ಗಂಟೆಗೆ. ಗರಿಗರಿ ಧಾನ್ಯ ಬೆಳಗಿನ ಅವಸರದ ಇಪ್ಪತ್ತು ನಿಮಿಷಕ್ಕೆ. ಪೊಟ್ಟಣದ ಸೂಪು ಅಮ್ಮನಿಗೆ ಮಂಡಿನೋವು ಜೋರಾಗಿ ಅಡುಗೆಮನೆಗೆ ಬರಲಾಗದ ದಿನಗಳಿಗೆ. ಪ್ರತಿ ಪೊಟ್ಟಣವೂ ಮನೆಯಲ್ಲಿ ಒಬ್ಬರು ಇಲ್ಲದ ಅಥವಾ ಒಬ್ಬರಿಗೆ ಆಗದ ಒಂದು ಹೊತ್ತನ್ನು ತುಂಬುತ್ತಿತ್ತು. ಆ ಹೊತ್ತಿಗೆ ಬೇರೆ ಯಾರಾದರೂ ಸಿಗದೆ ಪೊಟ್ಟಣವನ್ನು ತೆಗೆದರೆ ಅದು ಒಂದು ವಾರದೊಳಗೆ ಹಿಂತಿರುಗುತ್ತದೆ, ಇಲ್ಲವೇ ಇಡೀ ಹೊರೆ ಪತ್ನಿಯ ತಲೆಗೆ ಬೀಳುತ್ತದೆ. ನನ್ನ ಮನಸ್ಸಿನ ಮೂಲ ಯೋಜನೆ, ಒಪ್ಪಿಕೊಳ್ಳಲು ನಾಚಿಕೆಯಾದರೂ, ಎರಡನೆಯದೇ ಆಗಿತ್ತು.

ಆದ್ದರಿಂದ ಎಸೆಯಲಿಲ್ಲ. ಅವಧಿ ಮೀರಿದ ಒಂಬತ್ತನ್ನು ಮಾತ್ರ ವಿಲೇವಾರಿ ಮಾಡಿ, ಉಳಿದವು ಮುಗಿದಂತೆಲ್ಲ ಮತ್ತೆ ತರಬಾರದೆಂದು ನಿರ್ಧರಿಸಿದೆವು. ದಾಸ್ತಾನು ಕರಗಲು ಏಳು ವಾರ ಬೇಕಾಯಿತು. ಆ ನಿಧಾನವೇ ನಮ್ಮನ್ನು ಉಳಿಸಿತು, ಏಕೆಂದರೆ ವಾರಕ್ಕೆ ಒಂದು ಹೊತ್ತನ್ನಷ್ಟೇ ನಾವು ಸರಿಪಡಿಸಿಕೊಳ್ಳಬೇಕಿತ್ತು. ಉಗ್ರಾಣದ ಬಾಗಿಲಿಗೆ ಒಂದು ಹಾಳೆ ಅಂಟಿಸಿ ವಾರದ ದಿನಗಳ ಎದುರು ಹೆಸರುಗಳನ್ನು ಬರೆದೆವು. ಮಂಗಳವಾರ ಮತ್ತು ಗುರುವಾರದ ರಾತ್ರಿಯಡುಗೆ ನನ್ನದು. ಭಾನುವಾರ ಕಾಳು ಬೇಯಿಸಿ ಡಬ್ಬಿಗಳಿಗೆ ತುಂಬಿ ಫ್ರೀಜರ್‌ಗಿಡುವುದು ನನ್ನದು ಮತ್ತು ಮಗಳದು. ಕೂತಲ್ಲಿಯೇ ಮಾಡಬಹುದಾದ ಸೋಸುವ, ಬಿಡಿಸುವ, ಹೆಚ್ಚುವ ಕೆಲಸಗಳನ್ನು ಅಮ್ಮ ತಾನಾಗಿಯೇ ಕೇಳಿ ಪಡೆದರು. ಮೊದಲ ವಾರ ನಾವೆಲ್ಲ ಸೇರಿ ಹೆಚ್ಚುವರಿಯಾಗಿ ಅಡುಗೆಮನೆಯಲ್ಲಿ ಕಳೆದದ್ದು ಒಂಬತ್ತು ಗಂಟೆ; ಈಗ ಅದು ವಾರಕ್ಕೆ ನಾಲ್ಕರ ಆಸುಪಾಸಿನಲ್ಲಿದೆ. ಅದಕ್ಕಿಂತ ಕೆಳಗೆ ಇಳಿಯುವ ಲಕ್ಷಣ ಕಾಣುತ್ತಿಲ್ಲ.

ನನ್ನ ಎರಡನೆಯ ತಪ್ಪು ಕಾಳಿನದು, ಮತ್ತು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಅದುವರೆಗೆ ನಾವು ಕೆಂಪು ರಾಜ್ಮಾವನ್ನು ಬೆಂದ ಡಬ್ಬಿಯಿಂದಲೇ ತೆಗೆದು ಬಳಸುತ್ತಿದ್ದೆವು. ಒಣಕಾಳು ತಂದ ಮೊದಲ ವಾರ, ಮಂದ ಉರಿಯ ವಿದ್ಯುತ್ ಪಾತ್ರೆಯಲ್ಲಿ ನೆನೆಸದೆಯೇ ಹಾಕಿ ಕಚೇರಿಗೆ ಹೋದೆ. ಸಂಜೆ ಬಂದಾಗ ಕಾಳು ಮೆತ್ತಗಾಗಿದ್ದಂತೆ ಕಂಡಿತು, ಬಡಿಸಿದೆ. ಎರಡು ಮೂರು ಗಂಟೆಯೊಳಗೆ ನಾನೂ ಮಗಳೂ ಸರದಿಯಲ್ಲಿ ಬಚ್ಚಲಿಗೆ ಓಡುತ್ತಿದ್ದೆವು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷವೊಂದಿದೆ. ಮಂದ ಉರಿಯ ಪಾತ್ರೆ ಕುದಿಯುವ ಬಿಸಿಯನ್ನು ಮುಟ್ಟದಿದ್ದರೆ ಅದು ನಾಶವಾಗುವುದಿಲ್ಲ. ಕನಿಷ್ಠ ಐದು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಡಬ್ಬಿಯ ಕಾಳು ಅಷ್ಟೇನೂ ಕೆಟ್ಟದ್ದಲ್ಲ ಎಂಬುದೂ ಆಗಲೇ ಗೊತ್ತಾದದ್ದು: ಉಪ್ಪುನೀರನ್ನು ಬಸಿದು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದರೆ ಅದರ ಸೋಡಿಯಂ ಮೂರನೆಯ ಒಂದು ಭಾಗದಷ್ಟಾದರೂ ಇಳಿಯುತ್ತದೆ. ಈಗಲೂ ನಮ್ಮ ಉಗ್ರಾಣದಲ್ಲಿ ನಾಲ್ಕು ಡಬ್ಬಿಗಳಿವೆ.

ಮೂರನೆಯ ವಾರದಿಂದ ಮಕ್ಕಳ ಪ್ರತಿಭಟನೆ ಆರಂಭವಾಯಿತು. ಎಂಟರ ಮಗ ನೇರವಾಗಿ ಅತ್ತ. ಮಗಳು ಮಾತನಾಡಲಿಲ್ಲ, ಅವಳ ಶಾಲೆಯ ಚೀಲದ ತಳದಲ್ಲಿ ಚಿಪ್ಸ್ ಪೊಟ್ಟಣಗಳು ಮಾತನಾಡಿದವು. ಮನೆಯಲ್ಲಿ ಇಲ್ಲವೆಂದಾದರೆ ಹೊರಗೆ ಸಿಗುತ್ತದೆ, ಅದೂ ಜೇಬಿನ ಹಣದಿಂದ. ನಾನು ಬೈದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಶನಿವಾರ ಅವರಿಬ್ಬರು ಬಯಸಿದ ತಲಾ ಒಂದು ತಿನಿಸನ್ನು ತರುವುದು, ಅದನ್ನು ಪೊಟ್ಟಣದಿಂದಲೇ ತಿನ್ನದೆ ಬಟ್ಟಲಿಗೆ ಸುರಿದುಕೊಂಡು ತಿನ್ನುವುದು ಎಂಬ ಒಪ್ಪಂದಕ್ಕೆ ಬಂದೆವು. ಬಟ್ಟಲಿನ ನಿಬಂಧನೆಯ ಹಿಂದೆ ಒಂದು ಕಾರಣವಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿಯನ್ನು ಅಲ್ಲಿಯೇ ಉಳಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಕನಿಷ್ಠ ಸಂಸ್ಕರಣೆಯ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದಿದ್ದರು. ಬಡಿಸಿದ ಆಹಾರದಲ್ಲಿ ಸಕ್ಕರೆ, ಕೊಬ್ಬು, ನಾರು ಹೆಚ್ಚುಕಡಿಮೆ ಸಮವಾಗಿದ್ದರೂ ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ತಿನ್ನುವ ವೇಗವೂ ಹೆಚ್ಚಿತ್ತು. ಚಿಕ್ಕ ಪ್ರಯೋಗ, ಕಡಿಮೆ ಅವಧಿ. ಆದರೆ ಮಗನ ಕೈ ಪೊಟ್ಟಣದಿಂದ ಬಾಯಿಗೆ ಓಡುವುದನ್ನು ಕಂಡವನಿಗೆ ವೇಗದ ಮಾತು ನಂಬಿಕೆಗೆ ಅರ್ಹವೆನಿಸಿತು.

ನಾಲಗೆ ಹೊಂದಿಕೊಳ್ಳಲು ಕಾಯಲೇಬೇಕು, ಇದಕ್ಕೆ ಅಡ್ಡದಾರಿಯಿಲ್ಲ. ಮೊದಲ ತಿಂಗಳು ಮನೆಯ ಸೂಪು ನನಗೆ ಬಿಸಿನೀರಿನಂತಿತ್ತು. ಒಂಬತ್ತನೆಯ ವಾರದ ಹೊತ್ತಿಗೆ ಗೆಳೆಯರ ಮನೆಯಲ್ಲಿ ಹಳೆಯ ಪೊಟ್ಟಣದ ಸೂಪನ್ನೇ ಕುಡಿದಾಗ ಉಪ್ಪು ಕೆನ್ನೆಯ ಒಳಭಾಗವನ್ನು ಕಚ್ಚಿದಂತಾಯಿತು. ಆ ಕ್ಷಣದಲ್ಲಿ ನಾನು ಎಷ್ಟು ಸಂತೋಷಪಟ್ಟೆನೆಂದರೆ, ಸೂಪು ಬಹಳ ಚೆನ್ನಾಗಿದೆಯೆಂದು ಭಾವಿಸಿ ಅವರು ಇನ್ನೊಂದು ಬಟ್ಟಲು ತಂದಿಟ್ಟರು.

ಖರ್ಚಿನ ವಿಷಯ. ಮೊದಲ ತಿಂಗಳ ದಿನಸಿ ಬಿಲ್ಲು ಹಿಂದಿನದಕ್ಕಿಂತ ಐದನೆಯ ಒಂದು ಭಾಗದಷ್ಟು ಏರಿತು. ಅದರಲ್ಲಿ ಬಿಗಿ ಮುಚ್ಚಳದ ಗಾಜಿನ ಡಬ್ಬಿಗಳು, ಬಾದಾಮಿ, ಗೋಡಂಬಿ, ಒಟ್ಟಿಗೇ ತಂದ ಧಾನ್ಯ ಎಲ್ಲವೂ ಸೇರಿದ್ದವು. ನಾಲ್ಕನೆಯ ತಿಂಗಳಿಗೆ ಬಿಲ್ಲು ಹಳೆಯ ಮಟ್ಟಕ್ಕೆ ಬಂದಿತು, ಆದರೆ ಅಡುಗೆಯ ಇಂಧನದ ಖರ್ಚು ಇಳಿಯಲಿಲ್ಲ. ಅಗ್ಗವೆಂದು ಧಾನ್ಯವನ್ನು ರಾಶಿಯಾಗಿ ತಂದದ್ದು ಲಾಭವಾಗಲಿಲ್ಲ. ಎರಡನೆಯ ತಿಂಗಳಲ್ಲಿ ಡಬ್ಬಿ ತೆರೆದರೆ ಹುಳುಗಳ ಸಂಸಾರ ನಡೆದಿತ್ತು. ಈಗ ತಿಂಗಳಿಗೆ ಬೇಕಾದಷ್ಟನ್ನೇ ತಂದು, ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಡಬ್ಬಿಗೆ ತುಂಬುತ್ತೇವೆ. ಇಡೀ ಧಾನ್ಯದ ಹಿಟ್ಟಿನಲ್ಲಿ ಮೊಳಕೆಯ ಎಣ್ಣೆಯಂಶ ಉಳಿದಿರುವುದರಿಂದ ಅದು ಬೇಗ ಕಮಟುತ್ತದೆ, ಅದನ್ನೂ ತಂಪಿನಲ್ಲಿಡುವುದು ಲೇಸು.

"ಆರೋಗ್ಯಕರ" ಬಿಸ್ಕತ್ತಿನಿಂದಲೂ ಮೋಸ ಹೋದೆವು. ಮುಂಭಾಗದಲ್ಲಿ ಬಹುಧಾನ್ಯವೆಂದು ದಪ್ಪ ಅಕ್ಷರ, ಹಿಂಬದಿಯಲ್ಲಿ ಮೊದಲ ಪದಾರ್ಥ ಮೈದಾ, ಎರಡನೆಯದು ಸಕ್ಕರೆ. ಬಹುಧಾನ್ಯಗಳು ಕೊನೆಯ ಸಾಲಿನಲ್ಲಿ ಒಟ್ಟಾಗಿ ಮುದುಡಿ ಕೂತಿದ್ದವು. ಅಂಗಡಿಯಲ್ಲಿ ಪೊಟ್ಟಣವನ್ನು ಕೈಗೆತ್ತಿಕೊಂಡೊಡನೆ ತಿರುಗಿಸುವ ಅಭ್ಯಾಸ ಈಗ ಮಗನಿಗೂ ಬಂದಿದೆ. ಓದುವುದು ನಿಧಾನವಾದ್ದರಿಂದ ನಮ್ಮ ಹಿಂದಿನವರು ಗೊಣಗುತ್ತಾರೆ.

ಮೂರು ತಿಂಗಳ ತಪಾಸಣೆಗೆ ಹೋದಾಗ ಒತ್ತಡ 140/90ಕ್ಕೆ ಬಂದಿತ್ತು. ನೋಟ್‌ಪುಸ್ತಕವನ್ನು ಮೇಜಿನ ಮೇಲಿಟ್ಟೆ. ವೈದ್ಯರು ಪುಟ ತಿರುವುತ್ತ ಒಂದು ಸಾಲಿನಲ್ಲಿ ಬೆರಳು ನಿಲ್ಲಿಸಿದರು: ಅಯೋಡಿನ್ ಸೇರಿಸಿದ ಸಾಮಾನ್ಯ ಉಪ್ಪನ್ನು ಬಿಟ್ಟು ನಾನು ಗುಲಾಬಿ ಬಣ್ಣದ ಕಲ್ಲುಪ್ಪು ತಂದಿದ್ದೆ, "ನೈಸರ್ಗಿಕ"ವೆಂದು. ಅದರಲ್ಲಿಯೂ ಸೋಡಿಯಂ ಬಹುತೇಕ ಅಷ್ಟೇ, ಸೇರಿಸಿದ ಅಯೋಡಿನ್ ಮಾತ್ರ ಇಲ್ಲ. ಇಬ್ಬರು ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಅದನ್ನು ಕೈಬಿಡಬಾರದು ಎಂದರು. ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ ಕೇಳಿದೆ. ಅಂಥವುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಮೂತ್ರಪಿಂಡದ ತೊಂದರೆಯಿರುವವರೂ ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ನುಂಗುವವರೂ ಕೇಳದೆ ಬಳಸಕೂಡದು ಎಂದರು. ನಮ್ಮಮ್ಮ ಅಂಥ ಮಾತ್ರೆ ನುಂಗುತ್ತಾರೆ. ಒಂದೇ ಉಗ್ರಾಣದ ಉಪ್ಪು ಎಲ್ಲರ ತಟ್ಟೆಗೂ ಹೋಗುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಸಾಮಾನ್ಯ ಉಪ್ಪೇ ಮರಳಿ ಬಂತು, ಅಳತೆಯ ಚಮಚದೊಂದಿಗೆ.

ಈಗ ಉಗ್ರಾಣದಲ್ಲಿ ನಾಲ್ಕನೆಯ ಗುಂಪಿನ ಸರಕುಗಳು ಹನ್ನೊಂದು ಉಳಿದಿವೆ. ಬ್ರೆಡ್ಡು ಇದೆ; ಮನೆಯಲ್ಲಿ ಮಾಡಿದ್ದು ನಾಲ್ಕನೆಯ ದಿನಕ್ಕೆ ಬೂಷ್ಟು ಹಿಡಿಯುತ್ತಿತ್ತು, ವಾರಕ್ಕೆ ಎರಡು ಬಾರಿ ನಾದುವುದು ನಮ್ಮಿಂದಾಗಲಿಲ್ಲ. ಎರಡು ಸಾಸ್‌ಗಳಿವೆ. ಮಕ್ಕಳ ಶನಿವಾರದ ಪಾಲಿದೆ. ನೂಡಲ್ಸ್ ಒಂದು ಪೊಟ್ಟಣ, ಹಾಳೆಯ ಮೇಲೆ ಹೆಸರಿರುವವರು ಹಾಸಿಗೆ ಹಿಡಿದ ದಿನಕ್ಕೆಂದು, ಮೇಲಿನ ಅಟ್ಟಣಿಗೆಯಲ್ಲಿದೆ. ಹೋದ ಗುರುವಾರ ನನಗೆ ಜ್ವರವಿತ್ತು. ಪತ್ನಿಯೂ ತಡವಾಗಿ ಬಂದಳು. ಅದನ್ನು ಇಳಿಸಿ, ಎರಡು ಹಿಡಿ ಬಟಾಣಿ, ಒಂದು ಮೊಟ್ಟೆ ಸೇರಿಸಿ, ಮಸಾಲೆ ಪುಡಿಯನ್ನು ಅರ್ಧ ಮಾತ್ರ ಹಾಕಿ ಬೇಯಿಸಿ, ಪೊಟ್ಟಣದ ಮೂಲೆಯಲ್ಲಿ ಬರೆದಂತೆಯೇ ಇಬ್ಬರಿಗೆ ಬಡಿಸಿದಳು. ಉಳಿದರ್ಧ ಪುಡಿಯನ್ನು ಮಗ ಬೆರಳಿನಿಂದ ನೆಕ್ಕುತ್ತ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ.